ಬೆನ್ನಿಗೆ ತಮ್ಮನನ್ನು ತಂದ ಸಾಕವ್ವ

ಲಕ್ಷ್ಮೇಶ್ವರದ ಆ ಓಣಿಯಲ್ಲಿ ನಿಂತು ಯಾರಾದರೂ ‘ಸಾಕವ್ವಾ’ ಎಂದು ಕೂಗಿದರೆ ನಾಲ್ಕು ಬಾಗಿಲುಗಳಲ್ಲಿ ನಾಲ್ಕು ಮುಖ ಕಾಣಿಸುತ್ತಿದ್ದವು. ಗಿರಣಿ ಸಾಕವ್ವ, ಹಾಲಿನ ಸಾಕವ್ವ, ಬಾವಿಕಟ್ಟಿ ಸಾಕವ್ವ, ಸಣ್ಣ ಸಾಕವ್ವ. ಐದನೆಯ ಬಾಗಿಲಿನಿಂದ ಮುಖ ಬರುತ್ತಿರಲಿಲ್ಲ, ದನಿ ಮಾತ್ರ ಬರುತ್ತಿತ್ತು.

“ಯಾವ ಸಾಕವ್ವ ಬೇಕಾಗಿತ್ರಿ? ಸಾಕಾದವ್ರು ಇಲ್ಲಿ ಐದು ಮಂದಿ ಅದೀವಿ!”

ಅದು ನಮ್ಮ ಅತ್ತೆ, ಅಪ್ಪನ ಅಕ್ಕ. ತವರು ಮುಂಡರಗಿ ಆದ್ದರಿಂದ ಓಣಿಯವರಿಗೆ ಆಕೆ ಮುಂಡರಗಿ ಸಾಕವ್ವ. ಆ ಮಾತಿಗೆ ಕೂಗಿದವರು ನಗುತ್ತಿದ್ದರು, ಉಳಿದ ನಾಲ್ವರು ಸಾಕವ್ವಂದಿರೂ ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಆ ಮಾತಿನೊಳಗೆ ಏನಿತ್ತು ಎಂದು ತಿಳಿಯಲು ನನಗೆ ಹತ್ತು ವರ್ಷ ಹಿಡಿಯಿತು.

ಈಗಿನವರಿಗೆ ಈ ಹೆಸರನ್ನು ಬಿಡಿಸಿ ಹೇಳಬೇಕಾಗುತ್ತದೆ. ನಮ್ಮ ಕಡೆ ಸಾಲಾಗಿ ಹೆಣ್ಣು ಹುಟ್ಟಿದ ಮನೆಯಲ್ಲಿ ಮತ್ತೊಂದು ಹೆಣ್ಣು ಹುಟ್ಟಿದರೆ ಆ ಕೂಸಿಗೆ ಸಾಕವ್ವ ಎಂದು ಹೆಸರಿಡುತ್ತಿದ್ದರು. ಸಾಕು, ಇನ್ನು ಹೆಣ್ಣು ಬೇಡ ಎಂದು ದೇವರಿಗೆ ತಿಳಿಸುವ ಹೆಸರು ಅದು. ಕೂಸನ್ನು ಕರೆದಾಗಲೆಲ್ಲ ದೇವರಿಗೆ ನೆನಪಾಗಬೇಕು. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪವ್ವ ಎನ್ನುತ್ತಿದ್ದರು, ಕಲ್ಲಿನಂತೆ ಗಟ್ಟಿಯಾಗಿ ಬಾಳಲಿ ಎಂದು ಕಲ್ಲವ್ವ ಎನ್ನುತ್ತಿದ್ದರು. ಕೇಳಲು ಎಲ್ಲವೂ ಒಂದೇ ತರಹದ ಒರಟು ಹೆಸರುಗಳು. ಆದರೆ ಒಂದೇ ಅಲ್ಲ. ಅದನ್ನು ನನಗೆ ಹೇಳಿದವಳು ಅತ್ತೆಯೇ.

“ತಿಪ್ಪವ್ವನ ಹೆಸರು ತಿಪ್ಪವ್ವ ಉಳೀಲಿ ಅಂತ ಇಟ್ಟದ್ದು. ನನ್ನ ಹೆಸರು ನನಗ ಇಟ್ಟದ್ದಲ್ಲವಾ, ನಿಮ್ಮಪ್ಪಗ ಇಟ್ಟದ್ದು.”

ಅತ್ತೆ ನಾಲ್ಕನೆಯ ಹೆಣ್ಣು. ಅವಳಿಗೆ ಮೂರು ತುಂಬುವಷ್ಟರಲ್ಲಿ ಅಪ್ಪ ಹುಟ್ಟಿದ. ಹೆಸರು ಫಲಿಸಿತು. ಅಲ್ಲಿಂದ ಮುಂದೆ ಮನೆಯಲ್ಲಿ ಅವಳಿಗೆ ಒಂದು ಮರ್ಯಾದೆ ಬಂತು: ಬೆನ್ನಿಗೆ ಗಂಡು ತಂದಾಕಿ. ಅಪ್ಪ ಅವಳ ಬೆನ್ನಿಗೆ ಹುಟ್ಟಿದ್ದಷ್ಟೇ ಅಲ್ಲ, ಆರೇಳು ವರ್ಷದವನಾಗುವ ತನಕ ಅವಳ ಬೆನ್ನ ಮೇಲೆಯೇ ಇದ್ದನಂತೆ. ಬಾವಿಗೆ, ಹೊಲಕ್ಕೆ, ಶಾಲೆಯ ಬಾಗಿಲಿನ ತನಕ. ಅವನನ್ನು ಒಳಗೆ ಬಿಟ್ಟು ಅವಳು ತಿರುಗಿ ಬರುತ್ತಿದ್ದಳು. ಅವಳು ಶಾಲೆ ಕಲಿಯಲಿಲ್ಲ.

ಅತ್ತೆ ಗಿಡ್ಡಗೆ ಇದ್ದಳು, ಕೈಗಳು ಮಾತ್ರ ದೊಡ್ಡವು. ಲಕ್ಷ್ಮೇಶ್ವರದ ಶೇಂಗಾ ಗಿರಣಿಯಲ್ಲಿ ಕಾಳು ಆರಿಸುವ ಕೆಲಸ. ಎದುರಿಗಿದ್ದವರ ಮುಖ ನೋಡುತ್ತಾ ಮಾತಾಡುತ್ತಿದ್ದರೂ ಬೆರಳುಗಳು ಮೊರದಲ್ಲಿ ಜೊಳ್ಳು ಕಾಳು ಆರಿಸುತ್ತಲೇ ಇರುತ್ತಿದ್ದವು. ಮೊರ ಇಲ್ಲದಾಗ ಸೀರೆಯ ನಿರಿಗೆಯ ಮೇಲೆ, ಬಸ್ಸಿನಲ್ಲಿ ಕೂತರೆ ಮಡಿಲಲ್ಲಿಟ್ಟ ಚೀಲದ ಮೇಲೆ. ಬೆರಳು ನಿಂತಿತೆಂದರೆ ಅತ್ತೆಗೆ ಏನೋ ಆಯಿತೆಂದು ನಾವು ತಿಳಿಯಬೇಕು.

ಅವಳ ಗಂಡ, ನಮ್ಮ ಮಾಮಾ, ಅಡತಿ ಅಂಗಡಿಯಲ್ಲಿ ಕಾಳಿನ ಚೀಲ ಹೊರುವ ಹಮಾಲಿ ಮಾಡುತ್ತಿದ್ದ ಮೌನಿ. ಅವರಿಗೆ ಮಕ್ಕಳಾಗಲಿಲ್ಲ. ಅದರ ಬಗ್ಗೆ ಒಬ್ಬ ಹೆಂಗಸು ನಮ್ಮ ಮನೆಯ ಪಡಸಾಲೆಯಲ್ಲಿ, ಅತ್ತೆಯ ಎದುರಿಗೇ, ಹೀಗೆ ಅಂದದ್ದನ್ನು ಕೇಳಿದ್ದೇನೆ: “ಸಾಕು ಸಾಕು ಅಂತ ಕರೆದೂ ಕರೆದೂ, ಆ ಮಾತು ಅಕಿ ಹೊಟ್ಟಿಗೂ ಕೇಳಿಸಿತು ನೋಡ್ರಿ.” ಅತ್ತೆ ನಕ್ಕು, “ಹೌದ್ರಿ, ನನ್ನ ಹೊಟ್ಟಿ ಕಿವಿ ಭಾಳ ಚುರುಕ,” ಎಂದಳು. ಆಗ ಅವಳ ಬೆರಳುಗಳನ್ನು ನಾನು ನೋಡಲಿಲ್ಲ. ನೋಡಬೇಕೆಂದು ಗೊತ್ತಾಗುವ ವಯಸ್ಸು ಅದಾಗಿರಲಿಲ್ಲ.

ಲಕ್ಷ್ಮೇಶ್ವರದಲ್ಲಿ ಅವರ ಎದುರು ಮನೆಯಲ್ಲಿ ಕನ್ನಡ ಶಾಲೆಯ ಮಾಸ್ತರೊಬ್ಬರು ಇದ್ದರು. ಶಬ್ದಗಳ ಮೇಲೆ ಅವರಿಗೆ ಬಹಳ ಪ್ರೀತಿ. ಒಮ್ಮೆ ಅವರು ಅತ್ತೆಯನ್ನು ಕರೆದು, “ಸಾಕವ್ವಾ, ನಿನ್ನ ಹೆಸರಿಗೆ ಇನ್ನೊಂದು ಅರ್ಥ ಐತಿ. ಸಾಕು ಅಂದ್ರ ಸಲಹು ಅಂತನೂ ಆಗತೈತಿ. ಸಾಕವ್ವ ಅಂದ್ರ ಸಲಹುವ ತಾಯಿ,” ಎಂದರು. ಅವಳಿಗೆ ಸಮಾಧಾನ ಆಗಲಿ ಎಂದೇ ಹೇಳಿದ್ದು.

ಅತ್ತೆ, “ಛಲೋ ಐತ್ರಿ ಮಾಸ್ತರ. ಆದ್ರ ನಮ್ಮವ್ವಗ ಅಷ್ಟು ವ್ಯಾಕರಣ ಬರ್ತಿರಲಿಲ್ರಿ,” ಎಂದಳು.

ಪ್ರತಿ ವರ್ಷ ಶಾಲೆ ಸುರುವಾಗಿ ಹೆಸರು ಹಚ್ಚುವುದು ಮುಗಿದ ಮೇಲೆ ಅವಳು ಮಾಸ್ತರನ್ನು ಒಂದು ಪ್ರಶ್ನೆ ಕೇಳುತ್ತಿದ್ದಳು. “ಈ ವರ್ಷ ನನ್ನ ಹೆಸರಿನವರು ಎಷ್ಟು ಮಂದಿ ಬಂದಾರ್ರಿ?” ಒಂದು ವರ್ಷ ಮೂವರು ಎಂದರು. ಮುಂದೆ ಇಬ್ಬರು. ಹಾಗಾದರೆ ಯಾವ ಹೆಸರು ಬಂದಿವೆ ಎಂದು ಕೇಳಿದರೆ ಅವರು ಹೇಳುತ್ತಿದ್ದರು: ಶೋಭಾ, ಗೀತಾ, ಮಂಜುಳಾ, ಸುಜಾತಾ. ನೀಲವ್ವ, ಗಂಗವ್ವ, ಬಸವ್ವ ಎಂದು ಎರಡು ತಲೆಮಾರು ಕರೆದ ಬಾಯಿಗಳು ಆಗ ‘ಅವ್ವ’ನನ್ನು ಬಿಟ್ಟು ಬರೀ ‘ಆ’ಕಾರಕ್ಕೆ ಹೊರಳುತ್ತಿದ್ದವು. ಅತ್ತೆ ಒಂದೊಂದು ಹೆಸರಿಗೂ ಅರ್ಥ ಕೇಳಿ ಇಟ್ಟುಕೊಳ್ಳುತ್ತಿದ್ದಳು. ನನಗೆ ಶಶಿಕಲಾ, ಎರಡನೆಯವಳಿಗೆ ಶೋಭಾ, ಮೂರನೆಯವಳಿಗೆ ಗೀತಾ ಎಂದು ಹೆಸರಿಟ್ಟವಳು ಅವಳೇ. ಬೇರೆ ಸೋದರತ್ತೆಯರಲ್ಲಿ ಒಬ್ಬಳು ತೀರಿಕೊಂಡಿದ್ದಳು, ಇಬ್ಬರು ದೂರದಲ್ಲಿದ್ದರು. ಅದಕ್ಕಿಂತ ಹೆಚ್ಚಾಗಿ, ಗಂಡು ತಂದವಳು ಹೆಸರಿಡಲಿ ಎಂಬುದು ನಮ್ಮ ಆಯಿಯ, ಎಂದರೆ ಅಪ್ಪನ ತಾಯಿಯ, ಹಟ.

ನಮ್ಮಲ್ಲಿ ಹೆಸರಿಡುವ ದಿನ ಸೋದರತ್ತೆ ತೊಟ್ಟಿಲಿಗೆ ಬಾಗಿ, ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಸದ್ದು ಮಾಡಿ, ಮೊದಲು ಅದಕ್ಕೆ ಮಾತ್ರ ಕೇಳುವಂತೆ ಹೆಸರು ಹೇಳಬೇಕು. ಹೇಳುವಾಗ ಹಿಂದೆ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಆಮೇಲೆ ಅವಳು ಎದ್ದು ಎಲ್ಲರಿಗೂ ಕೇಳುವಂತೆ ಹೆಸರು ಸಾರಬೇಕು. ಅತ್ತೆಗೆ ಬೀಳುವ ಗುದ್ದುಗಳು ಜೋರಾಗಿಯೇ ಇರುತ್ತಿದ್ದವು. “ಗುದ್ರಿ, ಇನ್ನೂ ಗುದ್ರಿ! ಈ ಬೆನ್ನಿಗೇ ಹುಟ್ಟ್ಯಾನ ನಿಮ್ಮ ಸಾವಕಾರ,” ಎಂದು ಅಪ್ಪನ ಕಡೆ ಕೈ ತೋರಿಸುತ್ತಿದ್ದಳು. ಅಪ್ಪ ನಾಚುತ್ತಿದ್ದ.

ಎಪ್ಪತ್ತರ ದಶಕದ ನಡುವೆ, ನನಗೆ ಹತ್ತು ವರ್ಷವಿದ್ದಾಗ, ನಾಲ್ಕನೆಯವಳಾಗಿ ಇನ್ನೊಬ್ಬ ತಂಗಿ ಹುಟ್ಟಿದಳು. ಅಪ್ಪ ಹೋಗಿ ಅತ್ತೆಯನ್ನು ಕರೆತಂದ. ಹೆಸರಿಡುವ ಹಿಂದಿನ ದಿನ ಅತ್ತೆ ಗುಗ್ಗರಿಗೆ ಕಡಲೆ ಆರಿಸುತ್ತ ಕೂತಿದ್ದಳು. ಆಯಿ ಬಂದು ಹೇಳಿದಳು.

“ಈ ಕೂಸಿಗೆ ಸಾಕವ್ವ ಅನ್ನು. ನಾಕನೇದಕ್ಕ ನನಗ ಫಲಾ ಕೊಟ್ಟ ಹೆಸರು.”

ಅತ್ತೆಯ ಬೆರಳು ನಿಂತವು. ಇದನ್ನು ನಾನು ನೋಡಿದೆ.

“ಯವ್ವಾ, ಆ ಹೆಸರು ನಂದು. ನಂದು ನನಗ ಇರಲಿ.”

“ನಿನ್ನ ಹೆಸರೇನು ಕಳುವಾಗಂಗಿಲ್ಲ. ಹೇಳಿದಷ್ಟು ಹೇಳು.”

ಮರುದಿನ ಪಡಸಾಲೆ ತುಂಬ ಹೆಂಗಸರು. ನಾನು ತೊಟ್ಟಿಲಿನ ಕಾಲು ಹಿಡಿದು ನಿಂತಿದ್ದೆ. ಅತ್ತೆ ಬಾಗಿದಳು. ‘ಕುರ್ರ್’ ಎಂದಳು. ಗುದ್ದುಗಳು ಬಿದ್ದವು. ಅವಳು ಏಳಲಿಲ್ಲ. ಕೂಸಿನ ಕಿವಿಯ ಹತ್ತಿರ ಅವಳ ತುಟಿ ಅಲುಗುತ್ತಲೇ ಇತ್ತು.

“ಎಷ್ಟೊತ್ತಬೇ ಸಾಕವ್ವಾ, ಪುರಾಣ ಹೇಳಾಕತ್ತೀ ಏನ?” ಎಂದು ಪಕ್ಕದ ಮನೆಯಾಕೆ ಇನ್ನೊಂದು ಗುದ್ದು ಹಾಕಿದಳು. ಎಲ್ಲರೂ ನಕ್ಕರು.

ಅತ್ತೆ ಎದ್ದಳು. ಸೆರಗು ಸರಿಮಾಡಿಕೊಂಡಳು. “ಕೂಸಿನ ಹೆಸರು ಸುಜಾತಾ,” ಎಂದಳು.

ಜೋಗುಳ ಹಾಡಲು ಬಾಯಿ ತೆರೆದಿದ್ದವಳು ಹಾಗೇ ನಿಂತಳು. “ಏನಂದಿ?” ಎಂದಳು ಆಯಿ.

“ಸುಜಾತಾ, ಯವ್ವಾ. ಛಲೋ ಹುಟ್ಟಿದಾಕಿ ಅಂತ ಅರ್ಥ. ನಾಕನೇದಾದ್ರೇನಾತು, ಛಲೋನ ಹುಟ್ಟ್ಯಾಳ.”

ಸೋದರತ್ತೆ ಕಿವಿಯಲ್ಲಿ ಹೇಳಿದ ಹೆಸರನ್ನು ಮರಳಿ ತೆಗೆಯುವ ಪದ್ಧತಿ ನಮ್ಮಲ್ಲಿಲ್ಲ. ಅದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ಆಯಿಗೂ ಗೊತ್ತಿತ್ತು. ಆಯಿ ಕೂಗಾಡಲಿಲ್ಲ. ಮೆಲ್ಲಗೆ ಅಂದಳು, “ನಿನ್ನ ತಮ್ಮಗ ಗಂಡು ಕೂಸು ಬ್ಯಾಡ ಅಂದಂಗಾತು. ನಾಳಿಂದ ನಿನಗೂ ಈ ಮನಿ ಬ್ಯಾಡ.”

ಅತ್ತೆ ಆಯಿಯ ಮುಖ ನೋಡಲಿಲ್ಲ, ಅಪ್ಪನನ್ನು ನೋಡಿದಳು. ಅವನು ನಡುಮನೆಯ ಬಾಗಿಲಲ್ಲಿ ಗುಗ್ಗರಿಯ ಬುಟ್ಟಿ ಹಿಡಿದು ನಿಂತಿದ್ದ. ನಾನು ಕಂಡದ್ದು ಇಷ್ಟು: ಅಪ್ಪ ಬುಟ್ಟಿಯನ್ನು ಎಡಗೈಯಿಂದ ಬಲಗೈಗೆ ಬದಲಿಸಿದ. ಅತ್ತೆ ಅದೇ ದಿನ ಮಧ್ಯಾಹ್ನದ ಬಸ್ಸಿಗೆ ಹೋದಳು, ಊಟ ಮಾಡದೆ.

ಎರಡು ವರ್ಷದ ಮೇಲೆ ಅವ್ವನಿಗೆ ಗಂಡು ಕೂಸು ಆಯಿತು. ಅಳಲಿಲ್ಲ, ಉಸಿರಾಡಲಿಲ್ಲ. ಆ ಕೂಸಿಗೆ ಹೆಸರೇ ಇಲ್ಲ. ಅವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಗ ಆಯಿ ಎಲ್ಲರಿಗೂ ಕೇಳುವಂತೆ, “ಸಾಕು ಅನ್ನು ಅಂದ್ರ ಅನಲಿಲ್ಲ. ದೇವರಿಗೆ ಹೆಂಗ ತಿಳೀಬೇಕು?” ಎಂದಳು. ಆಮೇಲೆ ನಮ್ಮ ಮನೆಯಲ್ಲಿ ಅತ್ತೆಯ ಹೆಸರು ಎತ್ತುವುದೇ ನಿಂತಿತು. ಒಂದು ತರಹದಲ್ಲಿ ಅವಳ ಹೆಸರು ಅಲ್ಲಿಗೆ ಮುಗಿಯಿತು.

ನಮ್ಮ ಕಡೆ ಶ್ರಾವಣದಲ್ಲಿ ನಾಗರ ಪಂಚಮಿಗೆ ಅಣ್ಣನೋ ತಮ್ಮನೋ ಹೋಗಿ ಮದುವೆಯಾದ ಹೆಣ್ಣುಮಕ್ಕಳನ್ನು ತವರಿಗೆ ಕರೆತರುತ್ತಾರೆ. ಕರೆಯದೆ ಹೋಗುವ ಹಾಗಿಲ್ಲ. ಬಾಗಿಲಿಗೆ ಬಂದು ‘ನಡಿ’ ಎನ್ನಬೇಕು. ಅಪ್ಪ ಹೋಗುವುದನ್ನು ಬಿಟ್ಟ. ಅವಳು ಕಾಯುತ್ತಿದ್ದಳು ಎಂಬುದು ನಮಗೆ ಮುಂಡರಗಿಯಲ್ಲಿ ತಿಳಿಯಲಿಲ್ಲ. ತಿಳಿದದ್ದು ಎಂಬತ್ತರ ದಶಕದಲ್ಲಿ, ನಾನು ಗದಗಿನ ವಸತಿ ನಿಲಯದಲ್ಲಿದ್ದು ಶಿಕ್ಷಕಿಯ ತರಬೇತಿ ಪಡೆಯುತ್ತಿದ್ದಾಗ. ಮನೆಯವರಿಗೆ ಹೇಳದೆ ಒಂದು ಭಾನುವಾರ ಬಸ್ಸು ಹತ್ತಿ ಲಕ್ಷ್ಮೇಶ್ವರಕ್ಕೆ ಹೋದೆ. ಓಣಿಯಲ್ಲಿ ನಿಂತು ‘ಸಾಕವ್ವಾ’ ಎಂದು ಕೂಗಿದೆ. ನಾಲ್ಕು ಮುಖ ಬರಲಿಲ್ಲ, ಎರಡು ಬಂದವು. ಬಾವಿಕಟ್ಟಿ ಸಾಕವ್ವ, ಗಿರಣಿ ಸಾಕವ್ವ ಅಷ್ಟರಲ್ಲಿ ತೀರಿಹೋಗಿದ್ದರು. ಆದರೆ ಐದನೆಯ ಬಾಗಿಲಿನ ದನಿ ಇತ್ತು.

“ಯಾವ ಸಾಕವ್ವ ಬೇಕಾಗಿತ್ರಿ?”

“ನನ್ನ ಹೆಸರು ಇಟ್ಟಾಕಿ,” ಎಂದೆ.

ಮೊರ ಬಿದ್ದ ಸದ್ದಾಯಿತು. ಹೊರಗೆ ಬಂದು ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಮೊದಲು ಕೇಳಿದ್ದು, “ಅಪ್ಪ ಹೆಂಗದಾನ?” ಎರಡನೆಯದು, “ಸುಜಾತಾ ಶಾಲಿಗೆ ಹೊಕ್ಕಾಳೇನು?” ಹೋಗುತ್ತಾಳೆ, ಅವಳ ವರ್ಗದಲ್ಲಿ ಇನ್ನೂ ಮೂವರು ಸುಜಾತಾ ಇದ್ದಾರೆ ಎಂದೆ. ಅತ್ತೆ ಕೈ ತಟ್ಟಿ ನಕ್ಕಳು. “ಹಂಗಾದ್ರ ಅಕಿನೂ ಕೇಳಬೇಕಾತು, ಯಾವ ಸುಜಾತಾ ಅಂತ!”

ಆ ದಿನ ನನಗೆ ಮೂಲೆಯಲ್ಲಿ ಒಂದು ಕೈಚೀಲ ಕಂಡಿತು. ಮಡಿಸಿದ ಒಂದು ಸೀರೆ, ಒಂದು ಕುಪ್ಪಸ, ಸಣ್ಣದೊಂದು ಲಂಗ. ಯಾರ ಲಂಗ ಎಂದು ಕೇಳಿದೆ. ಸುಜಾತಾಳಿಗೆ ಎಂದಳು. ಪಂಚಮಿಗೆ ಎರಡು ದಿನ ಮೊದಲು ಪ್ರತಿ ವರ್ಷ ಆ ಚೀಲ ಕಟ್ಟಿಕೊಂಡು, ಗಿರಣಿಗೆ ರಜೆ ಹೇಳಿ, ಹೊಸ್ತಿಲ ಹೊರಗಿನ ಕಟ್ಟೆಯ ಮೇಲೆ ಕೂರುತ್ತಿದ್ದಳಂತೆ. ಮುಂಡರಗಿಯಿಂದ ಶಿರಹಟ್ಟಿಯ ಮೇಲೆ ಬರುವ ಕೊನೆಯ ಬಸ್ಸು ಹೋದ ಮೇಲೆ ಎದ್ದು ಒಳಗೆ ಬರುತ್ತಿದ್ದಳಂತೆ. ಇದನ್ನು ಹೇಳಿದವನು ಮಾಮಾ, ಅದೂ ಅತ್ತೆ ನೀರಿಗೆ ಹೋದಾಗ. “ವರ್ಷ ವರ್ಷ ಆ ಲಂಗ ಬಿಚ್ಚಿ ದೊಡ್ಡದು ಮಾಡ್ತಾಳವಾ,” ಎಂದ. ಅವನು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಬೇರೆಂದೂ ಕೇಳಿಲ್ಲ.

ಅನಂತರ ತಿಂಗಳಿಗೊಮ್ಮೆ ಹೋಗತೊಡಗಿದೆ. ಒಮ್ಮೆ ಧೈರ್ಯ ಮಾಡಿ ಕೇಳಿದೆ. “ಅತ್ತಿ, ಅವತ್ತು ಸುಜಾತಾನ ಕಿವ್ಯಾಗ ಅಷ್ಟೊತ್ತು ಏನ್ ಹೇಳಿದಿ?”

“ಹೆಸರು ಹೇಳಿದೆ.”

“ಹೆಸರು ಹೇಳಾಕ ಅಷ್ಟೊತ್ತು ಬೇಕೇನು?”

ಅವಳ ಬೆರಳುಗಳು ಕಾಳಿನ ಮೇಲೆ ನಿಧಾನವಾದವು. “ನಿಮಗ ನಾಕೂ ಮಂದಿಗೆ ಹೇಳೀನಿ. ಹೆಸರಿಗಿಂತ ಮೊದಲ ‘ಬೇಕು’ ಅಂತ ಮೂರು ಸಲ ಹೇಳೀನಿ. ಸುಜಾತಾಗ ಮಾತ್ರ ಎಣಿಸಲಿಲ್ಲ. ಎಷ್ಟು ಸಲ ಹೇಳಿದೆನೋ.” ತಾನೇ ನಕ್ಕು, “ಸಾಕವ್ವ ಅಂತ ಊರಿಗೊಂದು ಓಣಿ ತುಂಬ ಅದಾರ. ಬೇಕವ್ವ ಅಂತ ಒಬ್ಬಾಕೀನೂ ಇಲ್ಲ ನೋಡು. ನಾ ಎಲ್ಲೂ ಕೇಳಿಲ್ಲ. ನೀ ಶಾಲಿ ಕಲತಾಕಿ, ನೀ ಕೇಳೀಯೇನು?” ಎಂದಳು.

ಇಲ್ಲ ಎಂದೆ.

ಮುಂದಿನ ವರ್ಷ ಆಯಿ ತೀರಿಕೊಂಡಳು. ಸುದ್ದಿ ಕಳಿಸಿದರು, ಅತ್ತೆ ಬಂದಳು. ಮಣ್ಣು ಮಾಡಿ ಬಂದ ಮೇಲೆ ಅಪ್ಪ ಅವಳ ಹತ್ತಿರ ಎರಡು ಸಲ ಹೋದದ್ದನ್ನು ನಾನು ನೋಡಿದೆ. ಎರಡು ಸಲವೂ ಬೇರೆ ಯಾರನ್ನೋ ಮಾತಾಡಿಸಿ ತಿರುಗಿದ. ಸಂಜೆಯ ಬಸ್ಸಿಗೆ ಅವಳನ್ನು ಹತ್ತಿಸಲು ಹೋದವಳು ನಾನು. ಇರು ಎಂದೆ. “ಸತ್ತಾಗ ಬರೂದು ಬ್ಯಾರೆ, ಕರೆದಾಗ ಬರೂದು ಬ್ಯಾರೆ,” ಎಂದಳು. ಬಸ್ಸು ಹೊರಟ ಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಅವನಿಗೇನೂ ಅನಬ್ಯಾಡ್ರಿ. ಸಣ್ಣಾವ ಅವ,” ಎಂದು ಕೂಗಿದಳು. ಅಪ್ಪನ ತಲೆ ಆಗಲೇ ಬೆಳ್ಳಗಾಗಿತ್ತು.

ಅದೇ ವರ್ಷ ಬೇಸಿಗೆ ಮುಗಿದು ಶಾಲೆಗಳು ತೆರೆದಾಗ, ಮಾಸ್ತರು ಹೊಸದಾಗಿ ಹಚ್ಚಿದ ಹೆಸರುಗಳನ್ನು ಎರಡು ಸಲ ನೋಡಿ ಅತ್ತೆಗೆ ಹೇಳಿದರು: “ಈ ವರ್ಷ ಸಾಕವ್ವ ಅಂತ ಯಾರೂ ಬಂದಿಲ್ಲ.” ಅತ್ತೆ ಓಣಿಯಲ್ಲಿ ಮನೆಮನೆಗೆ ಸಕ್ಕರೆ ಹಂಚಿದಳು. ಯಾಕೆ ಎಂದು ಕೇಳಿದವರಿಗೆ, “ನಮ್ಮ ಮನ್ಯಾಗ ಹೆಣ್ಣು ಹುಟ್ಟೈತಿ,” ಎಂದಳಂತೆ. ಉಳಿದ ಇಬ್ಬರು ಸಾಕವ್ವಂದಿರಿಗೆ ಮಾತ್ರ ಖರೆ ಹೇಳಿದಳಂತೆ. ಮೂವರೂ ಕಟ್ಟೆಯ ಮೇಲೆ ಕೂತು ಆ ಸಕ್ಕರೆ ತಿಂದರು.

ಆ ಶ್ರಾವಣದಲ್ಲಿ, ಪಂಚಮಿಗೆ ಮೂರು ದಿನವಿದ್ದಾಗ, ಮಾಮಾ ಅವಳನ್ನು ಗದಗಿನ ಆಸ್ಪತ್ರೆಗೆ ತಂದ. ಹೊಟ್ಟೆಯ ಬೇನೆ. ಎಷ್ಟು ದಿನದಿಂದ ಇತ್ತೋ, ಅವಳು ಯಾರಿಗೂ ಹೇಳಿರಲಿಲ್ಲ. ಕೈಮೀರಿದೆ ಎಂದು ಡಾಕ್ಟರು ಮಾಮಾನಿಗೆ ಹೇಳಿದಾಗ ನಾನು ಪಕ್ಕದಲ್ಲಿದ್ದೆ. ಆ ದಿನವೇ ಮುಂಡರಗಿಗೆ ಅಪ್ಪನಿಗೆ ಕಾಗದ ಹಾಕಿದೆ: ಕೂಡಲೇ ಹೊರಟು ಬಾ.

ಮರುದಿನ ಅಪ್ಪ ಬರಲಿಲ್ಲ. ಅತ್ತೆ ಬಾಗಿಲ ಕಡೆ ಮುಖ ಮಾಡಿ ಮಲಗಿದ್ದಳು. ಬೆರಳುಗಳು ಚಾದರದ ಮೇಲೆ ಕಾಳು ಆರಿಸುತ್ತಿದ್ದವು. “ಬಸ್ಸು ಬಂತೇನು?” ಎಂದು ಎರಡು ಸಲ ಕೇಳಿದಳು. ಬರುತ್ತದೆ ಎಂದೆ. ಆಮೇಲೆ ಮಾತು ನಿಂತಿತು.

ಅದರ ಮರುದಿನ ಬೆಳಿಗ್ಗೆ, ಮಾಮಾ ಔಷಧಿ ತರಲು ಹೋದಾಗ, ನಾನು ಅವಳ ಕಿವಿಯ ಹತ್ತಿರ ಬಾಗಿದೆ. ಸುತ್ತ ರೋಗಿಗಳು, ಅವರ ಮನೆಯವರು. ನಾಚಿಕೆಯಾಯಿತು. ಆದರೂ ‘ಕುರ್ರ್’ ಎಂದೆ. ‘ಬೇಕು’ ಎಂದು ಮೂರು ಸಲ ಹೇಳಿದೆ. ಆಮೇಲೆ ಹೆಸರು ಹೇಳಿದೆ. ಬೇಕವ್ವ.

ಅವಳಿಗೆ ಕೇಳಿಸಿತೆಂದು ನಾನು ಹೇಳಲಾರೆ. ಬೆರಳುಗಳು ನಿಂತವು, ಅಷ್ಟು ನಿಜ. ನಾನು ಬಾಗಿಯೇ ಇದ್ದೆ. ನನ್ನ ಬೆನ್ನಿಗೆ ಗುದ್ದಲು ಅಲ್ಲಿ ಯಾರೂ ಇರಲಿಲ್ಲ.

ಮಧ್ಯಾಹ್ನ ಅತ್ತೆ ತೀರಿಕೊಂಡಳು.

ಅಪ್ಪ ಬಂದದ್ದು ಸಂಜೆ. ಬಾಗಿಲಲ್ಲಿ ನಿಂತ. ಮಳೆಯಲ್ಲಿ ತೋಯ್ದಿದ್ದ. ಕೈಯಲ್ಲಿ ಒಂದು ಅರಿವೆಯ ಚೀಲ, ಅದರಲ್ಲಿ ಉಂಡಿಯ ಡಬ್ಬಿ. ಮಾಮಾ ಅವನನ್ನು ನೋಡಿ ಎದ್ದು ಜಾಗ ಬಿಟ್ಟ. ಅಪ್ಪ ಕೂರಲಿಲ್ಲ.

“ನನ್ನ ಕಾಗದ ಮುಟ್ಟಿತೇನಪಾ?” ಎಂದೆ.

“ಯಾವ ಕಾಗದ?” ಎಂದ. “ನಾ ಮುಂಜಾನೆ ಮೊದಲ್ನೇ ಬಸ್ಸಿಗೆ ಲಕ್ಷ್ಮೇಶ್ವರಕ್ಕ ಹ್ವಾದೆ. ಅಕ್ಕನ್ನ ಪಂಚಮಿಗೆ ಕರಿಯಾಕ. ಬಾಗಲಾ ಕೀಲಿ ಹಾಕಿತ್ತು. ಯಾರನ್ನರೆ ಕೇಳಬೇಕಂದ್ರ... ಹತ್ತು ವರ್ಷ ಆ ಓಣ್ಯಾಗ ಕಾಲಿಟ್ಟಿಲ್ಲ, ಯಾವ ಮಾರೀಲೆ ಕೇಳಲಿ? ಎಲ್ಲ್ಯರೆ ಹೋಗಿರಬೇಕು, ಬರ್ತಾಳ ಅಂತ ಕಟ್ಟಿ ಮ್ಯಾಲೆ ಕುಂತೆ.”

“ಎಷ್ಟೊತ್ತು ಕುಂತಿ?”

“ಎರಡು ಬಸ್ಸು ಹೋದೂ.” ಚೀಲವನ್ನು ಅವನು ಎಡಗೈಯಿಂದ ಬಲಗೈಗೆ ಬದಲಿಸಿದ. “ಆಮ್ಯಾಲೆ ಹಾಲಿನ ಸಾಕವ್ವ ಬಂದ್ಲು. ‘ಯಾರು ಬೇಕಾಗಿತ್ರಿ?’ ಅಂತ ಕೇಳಿದ್ಲು.”

ಅಪ್ಪ ಮಂಚದ ಕಡೆ ನೋಡಿದ.

“ನಮ್ಮಕ್ಕ ಬೇಕಾಗಿತ್ತು, ಅಂದೆ.”